ಮಂಟಪದಲ್ಲಿ ಉಳಿದ ನಳಿಕೆಗಳು

ಪೀಣ್ಯದ ಕಾರ್ಖಾನೆಗಳ ನಡುವೆ ಅಗ್ನಿಶಾಮಕ ಠಾಣಾಧಿಕಾರಿಯಾಗಿದ್ದಾಗ ನಾನು ಎರಡು ವಿಷಯಗಳಲ್ಲಿ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಒಂದು, ಬೆಳಗಿನ ಕವಾಯತು. ಇನ್ನೊಂದು, ಸಾಮಾನು ಇಡುವ ಜಾಗ. ಗಾಡಿಯ ಎಡಗಡೆಯ ಪೆಟ್ಟಿಗೆಗಳಲ್ಲಿ ಸುತ್ತಿಟ್ಟ ಪೈಪು ಮತ್ತು ಅದರ ತುದಿಗೆ ಸಿಕ್ಕಿಸುವ ಹಿತ್ತಾಳೆ ನಳಿಕೆ, ಬಲಗಡೆ ಕೊಡಲಿ, ಹಾರೆ, ಹಗ್ಗ, ನೆತ್ತಿಯ ಮೇಲೆ ಏಣಿ. ಕೂರುವ ಸೀಟಿಗೆ ತಕ್ಕ ಕೆಲಸ: ಈ ಸೀಟಿನವನು ಇಳಿದ ಕೂಡಲೇ ಪೈಪು ಬಿಡಿಸಬೇಕು, ಆ ಸೀಟಿನವನು ನಳಿಕೆ ಹಿಡಿದು ಮುಂದೆ ಓಡಬೇಕು. ಹೊಗೆಯಲ್ಲಿ ನಿಂತು ಚರ್ಚೆ ಮಾಡಲು ನಾವೇನು ಅಪಾರ್ಟ್‌ಮೆಂಟ್ ಸಂಘದವರಲ್ಲ. ಇದೇ ಶಿಸ್ತನ್ನು ಮನೆಯಲ್ಲಿ ಜಾರಿಗೆ ತರಲು ಹೋಗಿ ಸಾಸಿವೆ ಡಬ್ಬಿಯ ವಿಚಾರದಲ್ಲಿ ಹೆಂಡತಿಯಿಂದ ಮಾತು ಕೇಳಿದ್ದೇನೆ. ಅದು ಬೇರೆ ಇಲಾಖೆ.

ಆಯುಧಪೂಜೆಯ ದಿನ ಮಾತ್ರ ಈ ಶಿಸ್ತಿಗೆ ಗಂಡಾಂತರ. ಸಾಮಾನೆಲ್ಲ ಕೆಳಗಿಳಿದು, ಉಜ್ಜಿಸಿಕೊಂಡು, ಕುಂಕುಮ ಇಡಿಸಿಕೊಂಡು ದೇವರ ಪಟದ ಮುಂದೆ ಕೂರುತ್ತದೆ. ಬೆಂಕಿಗೆ ಆ ದಿನ ರಜೆಯಿಲ್ಲವಲ್ಲ! ಹಾಗಾಗಿ ನನ್ನ ಆಜ್ಞೆ: ಮೊದಲ ಗಾಡಿಯ ಸಾಮಾನು ಮಾತ್ರ ಪೂಜೆಗೆ, ಎರಡನೆಯದಕ್ಕೆ ಹೊರಗಿನ ಅಲಂಕಾರ ಎಷ್ಟಾದರೂ ಮಾಡಿ, ಒಳಗಿನದು ಕದಲಬಾರದು.

ದಾಸರಹಳ್ಳಿ ಕಡೆ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷ ಅದು. ಎರಡನೆಯ ಗಾಡಿಯ ಚಾಲಕ, ಮಂಡ್ಯದ ಕಡೆಯವನು, ಮುಖ ಊದಿಸಿಕೊಂಡ.

“ನಮ್ ಗಾಡಿ ಏನ್ ಮಲಮಗ್ಳಾ ಸಾರ್? ವರ್ಸವೆಲ್ಲ ಓಡಾದು ಇದು, ಪೂಜೆ ಅದ್ಕಾ?”

“ಆರತಿ ಎರಡಕ್ಕೂ ಆಗುತ್ತೆ ಕಣಯ್ಯ. ಸಾಮಾನು ಮುಟ್ಟಬೇಡ.”

“ಆಯ್ತು ಬುಡಿ ಸಾರ್.”

ಮಂಟಪ ಸಿದ್ಧವಾದಾಗ ಮಿರುಗುವ ನಳಿಕೆಗಳು ದೇವರ ಎಡಬಲದಲ್ಲಿ ದ್ವಾರಪಾಲಕರಂತೆ ಸಮಸಮವಾಗಿ ನಿಂತಿದ್ದವು. “ಭೇಷ್, ಸಾಲು ಅಂದ್ರೆ ಇದು!” ಎಂದು ನಾನೇ ಹೊಗಳಿದೆ. ಚಾಲಕ ಯಾಕೋ ತಲೆ ತಗ್ಗಿಸಿ ನಕ್ಕ.

ಮಂಗಳಾರತಿ ಮುಗಿದು ಪುರಿ ಹಂಚುವಾಗ ಫೋನು ಬಂತು. ಹಿಂದಿನ ರಸ್ತೆಯಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಶೆಡ್ಡಿಗೆ ಬೆಂಕಿ. ಅವರೂ ಪೂಜೆ ಮುಗಿಸಿ, ಉರಿಯುವ ಕರ್ಪೂರವನ್ನು ರಟ್ಟಿನ ರಾಶಿಯ ಪಕ್ಕವೇ ಬಿಟ್ಟು ಪುರಿ ತಿನ್ನಲು ಕೂತಿದ್ದರಂತೆ. ಎರಡನೆಯ ಗಾಡಿ ಬಾಳೆಕಂದು, ಚೆಂಡುಹೂವಿನ ಹಾರದ ಸಮೇತ, ಚಕ್ರದಡಿಯ ನಿಂಬೆಹಣ್ಣು ಪಚಕ್ಕೆನಿಸಿ ಹೊರಟಿತು. ಗಂಟೆ ಕೇಳಿದ ಜನ ದಾರಿ ಬಿಡುವ ಬದಲು ಕೈ ಮುಗಿದರು.

ಶೆಡ್ಡಿಗೆ ಅಂಟಿದ ಕೋಣೆ ಒಬ್ಬ ಹೆಂಗಸಿನದು. ಗಾರ್ಮೆಂಟ್ಸ್ ಕೆಲಸ ಬಿಟ್ಟು ಸ್ವಂತಕ್ಕೆ ಹೊಲಿಗೆ ಯಂತ್ರಗಳನ್ನು ಹಾಕಿಕೊಂಡಿದ್ದಳು. ನಡುವೆ ಇದ್ದದ್ದು ಒಂದು ತಗಡಿನ ಗೋಡೆ. ಅದು ಆಗಲೇ ಕಾದು ಕರಕರ ಎನ್ನುತ್ತಿತ್ತು.

“ಸಾರ್, ನನ್ ಮಿಷನ್ ಕಡೆ ಮೊದ್ಲು ಹೊಡೀರಿ! ನನ್ ಹತ್ರ ಇರೋದೇ ಅವು!”

ಪೈಪು ಬಿಡಿಸಿ ಆಯಿತು. ನಳಿಕೆಯ ಸೀಟಿನವನು, ವಿಜಯಪುರದ ಗಟ್ಟಿ ಆಳು, ಪೆಟ್ಟಿಗೆ ತೆಗೆದು ಹಾಗೇ ನಿಂತ.

“ಸರ್ರ, ಖಾಲಿ ಐತ್ರಿ.”

“ಪಕ್ಕದ್ದು ನೋಡು!”

“ಅದರಾಗ ಒಂದು ಹೂ ಐತ್ರಿ.”

ನಾನು ಚಾಲಕನತ್ತ ತಿರುಗಿದೆ. “ಮಂಟಪ್ದಾಗೆ ಒಂದ್ ಕಡೀಕೆ ನಳಿಕೆ ಕಮ್ಮಿ ಬಿತ್ತು ಸಾರ್, ಇದ್ರವ್ನೂ ಇಟ್ಬುಟ್ಟೆ,” ಎಂದ. “ನೀವೂ ಭೇಷ್ ಅಂದ್ರಿ.”

ನಳಿಕೆಯಿಲ್ಲದ ಪೈಪಿನಿಂದ ನೀರು ಬರುತ್ತದೆ, ಚಿಮ್ಮುವುದಿಲ್ಲ. ಬೆಂಕಿಯ ಪಾದ ತೊಳೆಯುತ್ತದೆ, ಅಷ್ಟೆ. ಠಾಣೆಗೆ ಹೋಗಿ ಬರುವಷ್ಟು ಹೊತ್ತು ಆ ಗೋಡೆ ತಾಳುವಂತಿರಲಿಲ್ಲ.

“ಪೈಪಿನ ಬಾಯಿಗೆ ಹಾಕೋದಾ?” ಎಂದಳು ಆ ಹೆಂಗಸು. “ಎದುರು ಫ್ಯಾಕ್ಟ್ರೀಲಿ ಅದಕ್ಕೇ ಪೂಜೆ ಮಾಡ್ತಾವ್ರೆ!”

ವಿಜಯಪುರದವನೂ ಆಕೆಯೂ ರಸ್ತೆ ದಾಟಿ ಓಡಿದರು, ಹಿಂದೆ ನಾನು. ಅಲ್ಲಿಯೂ ಮಂಟಪ, ಅಲ್ಲಿಯೂ ಸಾಲು, ಸಾಲಿನ ತುದಿಯಲ್ಲಿ ಕಾರ್ಖಾನೆಯ ಸ್ವಂತ ಬೆಂಕಿ ಪೈಪಿನ ನಳಿಕೆ. ಕಾವಲುಗಾರ ಕೈ ಅಡ್ಡ ಹಿಡಿದ. “ಇನ್ನೂ ಆರತಿ ಆಗಿಲ್ಲ ಸಾರ್, ಎತ್ತಂಗಿಲ್ಲ.”

“ತಿರುಗಿ ನೋಡಣ್ಣ,” ಎಂದಳು ಆಕೆ, ಹೊಗೆಯತ್ತ ಕೈ ಮಾಡಿ. “ಆರತಿ ಅಲ್ಲಿ ಆಗ್ತಾ ಐತೆ. ಸಾಲದಾ?”

ಅವನು ಕೈ ತೆಗೆದ. ಕೊರಳಲ್ಲಿ ಹಾರ, ಹಣೆಯಲ್ಲಿ ಕುಂಕುಮ ಹೊತ್ತ ನಳಿಕೆ ಮದುಮಗನಂತೆ ರಸ್ತೆ ದಾಟಿತು. ಎಲ್ಲೆಡೆ ಒಂದೇ ಅಳತೆಯ ಜೋಡಣೆ ಇರಬೇಕೆಂದು ನಿಯಮ ಮಾಡಿದ ಪುಣ್ಯಾತ್ಮನಿಗೆ ಮನಸ್ಸಿನಲ್ಲೇ ಸೆಲ್ಯೂಟ್ ಹೊಡೆದೆ. ನಳಿಕೆ ನಮ್ಮ ಪೈಪಿಗೆ ಕಟ್ ಎಂದು ಕೂತಿತು. ಮೊದಲ ರಭಸಕ್ಕೆ ಹಾರ ಹರಿದು ಚೆಂಡುಹೂವಿನ ಎಸಳು ಬೆಂಕಿಗೆ ಹಾರಿದವು. ಹಿಂದೆಯೇ ನೀರು ತಗಡಿಗೆ ಬಡಿದು ಬುಸ್ಸೆಂದಿತು.

ರಟ್ಟೆಲ್ಲ ಬೂದಿಯಾಯಿತು. ಗೋಡೆ ಡೊಂಕಾಯಿತು, ಬೀಳಲಿಲ್ಲ. ಆಕೆ ಒಳಗೆ ಹೋಗಿ, ತೊಯ್ದ ಯಂತ್ರಗಳ ಚಕ್ರವನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿ ನೋಡಿದಳು. ನಾವೆಲ್ಲ ಬಾಗಿಲಲ್ಲಿ ಕತ್ತು ಚಾಚಿ ನಿಂತಿದ್ದೆವು. ಮೂಲೆಯದು ಸ್ವಲ್ಪ ಮೊಂಡು ಹಿಡಿದು, ಆಮೇಲೆ ಅದರ ಸೂಜಿಯೂ ಕುಣಿಯಿತು.

“ಎಲ್ಲಾ ಓಡ್ತಾವೆ ಸಾರ್!” ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು, “ಕುಂಕುಮ ತೊಳೆದೋಯ್ತು. ಇನ್ನೊಂದ್ಸಲ ಪೂಜೆ ಮಾಡ್ಬಿಡ್ತೀನಿ.”

ಚಾಲಕ ಗಾಡಿಯ ಮುಂಭಾಗದಲ್ಲಿದ್ದ ಕುಂಕುಮದ ಪೊಟ್ಟಣ ತಂದುಕೊಡಲು ಓಡಿದ.

“ಧಾರಾಳವಾಗಿ ಮಾಡಮ್ಮ,” ಎಂದೆ. “ಕರ್ಪೂರ ಮಾತ್ರ ನಾವು ಇಲ್ಲಿರುವಾಗಲೇ ಹಚ್ಚಿಬಿಡು.”