ಗಟ್ಟಿಮೇಳದ ಹೊತ್ತಿಗೆ ಒಂದು ಹೋಳು ಮಾವಿನಕಾಯಿ

ಮುಳಬಾಗಿಲಿನ ವಾಣಿಶ್ರೀಗೆ ಎಂಜಲೆಂದರೆ ಚಿಕ್ಕಂದಿನಿಂದಲೂ ಹೇಸಿಗೆ. ಹುಟ್ಟಿದ್ದು ಮಾತ್ರ ನಾದಸ್ವರದವರ ಮನೆಯಲ್ಲಿ. ಅಪ್ಪ ಗಂಗುಲಪ್ಪ ಸೀವಾಳಿಯನ್ನು, ಅಂದರೆ ವಾದ್ಯದ ತುದಿಗೆ ಸಿಕ್ಕಿಸುವ ಜೊಂಡಿನ ಜೋಡಿ ನಾಲಿಗೆಯನ್ನು, ಬಾಯಲ್ಲಿ ನೆನೆಸುತ್ತ ಕೂತರೆ ಇವಳು ಮೂಗು ಸಿಂಡರಿಸುತ್ತಿದ್ದಳು. ಆದರೂ ಕಲಿತಳು. ಆ ನಾದದ ಹುಚ್ಚು ಹೇಸಿಗೆಗಿಂತ ದೊಡ್ಡದಿತ್ತು.

ಹೋದ ವರ್ಷ ಗಂಗುಲಪ್ಪನಿಗೆ ಲಕ್ವ ಹೊಡೆದು ತುಟಿ ಒಂದು ಕಡೆ ಜೋತುಬಿತ್ತು. ತುಟಿ ಬಿಗಿಯದಿದ್ದರೆ ನಾದಸ್ವರವಿಲ್ಲ. ಶ್ರೀನಿವಾಸಪುರದ ಮಾವಿನ ಮಂಡಿ ಸಾಹುಕಾರರ ಮನೆಯ ಶುಭಕಾರ್ಯಕ್ಕೆಲ್ಲ ಊದುತ್ತಿದ್ದವನು ಅವನೇ. ಆ ಮನೆಯ ಓಲಗ ತನ್ನ ಪಾಲಿಗೆ ಬರಲೆಂದು ಅವನ ತಮ್ಮ ಮುನಿರಾಮಪ್ಪ ಬಾಯಿ ಬಿಟ್ಟುಕೊಂಡು ಕಾದಿದ್ದ. ಸಾಹುಕಾರರ ತಾಯಿ ವೆಂಕಟರತ್ನಮ್ಮ ಮಾತ್ರ, "ಮೊಮ್ಮಗಳ ಮದುವೇಲಿ ಹುಡುಗೀನೇ ಊದ್ಲಿ. ಗಟ್ಟಿಮೇಳ ಕೆಟ್ರೆ ಮುಂದಿಂದೆಲ್ಲ ಮುನಿರಾಮಪ್ಪಂಗೆ," ಅಂದುಬಿಟ್ಟರು.

ಮುಹೂರ್ತದ ಹೊತ್ತಿಗೆ ಚಿಕ್ಕಪ್ಪ ಎದುರಿನ ಕುರ್ಚಿಗೇ ಬಂದು ಕೂತ. ಕೈಯಲ್ಲಿ ಉಪ್ಪುಖಾರ ಹಚ್ಚಿದ ಮಾವಿನಕಾಯಿ ಹೋಳು. ಇವಳನ್ನೇ ನೋಡುತ್ತ ಚಪ್ಪರಿಸಿದ, ರಸ ಹೀರಿದ, ನಾಲಿಗೆಯಿಂದ ತುಟಿ ಸವರಿಕೊಂಡ. ಊದುವವರ ಎದುರು ಹುಳಿ ತಿಂದರೆ ಅವರ ಬಾಯಲ್ಲಿ ನೀರೂರಿ, ಸೀವಾಳಿ ತೊಯ್ದು, ಸ್ವರ ಸತ್ತೇಹೋಗುತ್ತದೆ. ಓಬೋ ಅನ್ನುವ ಪರದೇಶದ ವಾದ್ಯಕ್ಕೂ ಇಂಥದೇ ಜೋಡಿ ನಾಲಿಗೆಯಂತೆ. ಅಲ್ಲೂ ಇಂಥ ಚಿಕ್ಕಪ್ಪಂದಿರು ಇದ್ದಾರೋ ಏನೋ. ಪಡ್ಡೆ ಹುಡುಗರು ಮಾಡುವ ಚೇಷ್ಟೆ ಅದು. ಅಣ್ಣನ ಪಕ್ಕ ಕೂತು ಅಷ್ಟು ವರ್ಷ ಊದಿದವನೇ ಮಾಡಿದನಲ್ಲ, ಥೂ ಅವನ ಜನ್ಮಕ್ಕಿಷ್ಟು.

ವಾಣಿಶ್ರೀಯ ಬಾಯಿ ತುಂಬಿಬಂತು. ಸ್ವರ ಗೊರಗೊರ ಎಂದಿತು. ಗಲ್ಲದ ಮೇಲೆ ಇಳಿದ ಜೊಲ್ಲು ವಿಡಿಯೋ ಹಿಡಿಯುತ್ತಿದ್ದವರ ಫೋನಿನಲ್ಲೂ ಸೆರೆಯಾಯಿತು. ಅವಳಿಗೆ ತನ್ನ ಮೈಮೇಲೇ ಅಸಹ್ಯವಾಯಿತು. ಅಷ್ಟರಲ್ಲಿ ಪುರೋಹಿತರು ಕೈ ಎತ್ತಿ "ಗಟ್ಟಿಮೇಳ" ಅಂದರು. ಅವಳು ಸೀವಾಳಿ ಕಿತ್ತು ಒದರಿ ಮತ್ತೆ ಸಿಕ್ಕಿಸಿದಳು. ಬಾಯಲ್ಲಿದ್ದುದನ್ನು ಹೊಸ ರೇಷ್ಮೆ ಸೆರಗಿಗೇ ಉಗಿದು, ಚಿಕ್ಕಪ್ಪನಿಗೂ ಮಂಟಪಕ್ಕೂ ಬೆನ್ನು ಮಾಡಿ, ಗೋಡೆ ನೋಡುತ್ತ ಊದಿದಳು. ತಾಳಿ ಕಟ್ಟಿ ಮುಗಿಯುವವರೆಗೂ ಸ್ವರ ಕದಲಲಿಲ್ಲ.

ಬೆನ್ನು ಮಾಡಿದ್ದಕ್ಕೆ ಗೊಣಗಿದವರಿದ್ದರು. "ನಾದ ನೆಟ್ಟಗಿತ್ತಲ್ಲ, ಸಾಕು ಬಿಡ್ರೀ. ಮುಂದಕ್ಕೂ ಇವಳೇ," ಅಂದರು ವೆಂಕಟರತ್ನಮ್ಮ.

ಓಲಗದವರಿಗೆಲ್ಲ ಒಂದೇ ಸಾಲಿನಲ್ಲಿ ಎಲೆ ಹಾಕುವುದು ಪದ್ಧತಿ. ಮಗಳು ಊದುವುದನ್ನು ಕೇಳಲು ಬಂದಿದ್ದ ಗಂಗುಲಪ್ಪನೂ ಆ ಸಾಲಿನಲ್ಲೇ ಕೂತಿದ್ದ. ಚಿಕ್ಕಪ್ಪ ಅಪ್ಪ-ಮಗಳ ನಡುವಿನ ಎಲೆಗೆ ಬಂದು ಕೂತು ಹಲ್ಲು ಕಿರಿದ. "ತಮಾಷೆಗೆ ಮಾಡ್ದೆ ಕಣಮ್ಮ, ಬೇಜಾರ್ ಮಾಡ್ಕೋಬೇಡ. ನೀನ್ ಚೆನ್ನಾಗೇ ಊದ್ದೆ."

"ನಿಮ್ ಪಕ್ಕ ಕೂತ್ರೆ ತುತ್ತು ಇಳಿಯಲ್ಲ ಚಿಕ್ಕಪ್ಪ," ಎಂದು ಅವಳು ಎದ್ದಳು.

ಗಂಗುಲಪ್ಪ ಆಗಷ್ಟೇ ಜೋತ ತುಟಿಗೆ ಕೈ ಅಡ್ಡ ಹಿಡಿದು ಮೊದಲ ತುತ್ತು ಇಟ್ಟುಕೊಂಡಿದ್ದ. ಒಡಹುಟ್ಟಿದವನ ಮುಖವನ್ನೊಮ್ಮೆ ನೋಡಿದ. ಅನ್ನದ ಮುಂದಿನಿಂದ ಎಂದೂ ಎದ್ದವನಲ್ಲ ಆತ. ಎಲೆ ಮಡಚಿ ಮಗಳ ಹಿಂದೆ ನಡೆದ.