ಬುಡ ಕೆಳಗೆ, ತುದಿ ಮೇಲೆ

ಹುಣಸೂರಿನಲ್ಲಿ ನಾನು ಮೊದಲು ಕಂಡದ್ದು, ಬಿಳಿ ಗಡ್ಡದ ಹಿರಿಯರೊಬ್ಬರು ಮರದ ತುಂಡೊಂದನ್ನು ನೀರಿನ ತೊಟ್ಟಿಯಲ್ಲಿ ತೇಲಿಬಿಟ್ಟು, ಅದೇನೋ ಹೇಳಲಿದೆ ಎಂಬಂತೆ ಬಗ್ಗಿ ಕಾಯುತ್ತಿದ್ದುದನ್ನು. ಅಂದು ಮಳೆ ಬರುತ್ತಿತ್ತು ಎಂದು ನನ್ನ ನೆನಪು. ಸುಡುಬಿಸಿಲಿತ್ತು ಎನ್ನುತ್ತಾನೆ ಜೊತೆಗೆ ಕಲಿತ ಗಾವಡಗೆರೆಯ ಶಿವಣ್ಣ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ತೊಟ್ಟಿಯ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

ಗದಗಿನ ಕಡೆಯ ನಮ್ಮ ನೂಲಿನ ಗಿರಣಿ ಮುಚ್ಚಿಹೋಯಿತು. ಎಂ.ಎಸ್ಸಿ. ಓದಿ, ಹದಿನಾಲ್ಕು ವರ್ಷ ಅಲ್ಲಿ ನೂಲು ಪರೀಕ್ಷಿಸಿದ್ದ ನನಗೆ ಬೇರೇನೂ ಬರುತ್ತಿರಲಿಲ್ಲ. ಕೆಲಸ ಕಳೆದುಕೊಂಡವರಿಗೆ ಸರ್ಕಾರ ಹೊಸ ಕಸುಬು ಕಲಿಸುತ್ತದೆ, ಊಟ ವಸತಿಯೂ ಅದರದೇ ಎಂದಾಗ ನಕ್ಕಿದ್ದೆ. ನಮ್ಮ ಕಡೆ ಆಗ ಮರಗೆಲಸ ಕಲಿಯುವ ತಂಡ ಇರಲಿಲ್ಲ. ಹುಣಸೂರಿನ ತರಬೇತಿ ಕೇಂದ್ರದಲ್ಲಿ ಒಂದು ಜಾಗ ಖಾಲಿ ಇತ್ತು. ಎಲ್ಲಿ ಮೋಸವಿದೆಯೆಂದು ಪತ್ತೆ ಹಚ್ಚಲೆಂದೇ ಬಸ್ಸು ಹತ್ತಿದೆ ಎಂದರೂ ತಪ್ಪಿಲ್ಲ.

ಮೋಸ ಸಿಗಲಿಲ್ಲ. ಹಾಸಿಗೆ ಸಿಕ್ಕಿತು, ಉಳಿ ಸಿಕ್ಕಿತು, ಹೊತ್ತಿಗೆ ಊಟ ಸಿಕ್ಕಿತು. ನಮ್ಮಲ್ಲಿ ಗಾಳಿಗೆ ಮೆಣಸಿನಕಾಯಿಯ ಘಾಟು, ಇಲ್ಲಿ ಹೊಗೆಸೊಪ್ಪಿನದು. ಎಲೆ ಬೇಯಿಸಿ ಒಣಗಿಸುವ ಎತ್ತರದ ಮನೆಗಳಿಗೆ ಇಲ್ಲಿ ಬ್ಯಾರನ್ ಎನ್ನುತ್ತಾರೆ. ಅವು ಉರಿಯುವ ದಿನಗಳಲ್ಲಿ ಹೊದಿಕೆಗೂ ಅದೇ ವಾಸನೆ. ನಮ್ಮ ರೊಟ್ಟಿಗೆ ಹಲ್ಲು ಬೇಕು, ಇಲ್ಲಿಯ ಮುದ್ದೆಗೆ ಹಲ್ಲು ತಗಲಿಸಿದರೆ ನಗೆಪಾಟಲು. "ಅಗೀಬ್ಯಾಡ ಕಣಣ್ಣ, ನುಂಗ್ಬುಡು" ಎನ್ನುತ್ತಿದ್ದ ಶಿವಣ್ಣ. ನಾನು 'ಹೌದ್ರಿ' ಎಂದರೂ ತಂಡವೆಲ್ಲ ನಗುತ್ತಿತ್ತು. ಭಾನುವಾರ ಎಲ್ಲರೂ ತಮ್ಮ ಊರಿಗೆ ಹೊರಟಾಗ, ಖಾಲಿ ಮಂಚಗಳ ನಡುವೆ ಕೂತು ಆ ನಗುವಿಗಾಗಿ ಕಾಯುತ್ತಿದ್ದೆ.

ತೊಟ್ಟಿಯ ಹಿರಿಯರೇ ನಮ್ಮ ಗುರು, ಅನ್ವರ್ ಸಾಬರು. ತಾವೂ ಒಂದು ಕಾಲಕ್ಕೆ ಪ್ಲೈವುಡ್ ಕಾರ್ಖಾನೆಯಿಂದ ಹೊರಬಿದ್ದವರು. ಬಾಗಿಲ ಚೌಕಟ್ಟಿನ ನಿಲುವು ಮರ, ಬೆಳೆದಾಗ ಹೇಗೆ ನಿಂತಿತ್ತೋ ಹಾಗೆಯೇ ನಿಲ್ಲಬೇಕೆಂಬುದು ಅವರ ಮೊದಲ ಪಾಠ. ಕೊಯ್ದ ಹಲಸಿನ ತುಂಡಿನಲ್ಲಿ ಬುಡ ಯಾವುದೆಂದು ಕಣ್ಣಿಗೆ ತಿಳಿಯದಿದ್ದರೆ ನೀರು ಹೇಳುತ್ತದೆ: ಬುಡದ ಕಡೆ ತುಸು ಹೆಚ್ಚು ಮುಳುಗುತ್ತದೆ.

"ತಲಿಕೆಳಗಾದ್ರ ಬಾಗಲಾ ಬೀಳತೈತೇನ್ರಿ ಸಾಹೇಬ್ರ?" ಎಂದು ಕೆಣಕಿದೆ.

"ಬೀಳಲ್ಲ ಎಮ್ಮೆಸ್ಸಿ. ತಲೆಕೆಳಗೆ ನಿಲ್ಸುದ್ರೆ ನೀನೂ ಸಾಯಲ್ಲ. ನಿಂತ್ಕೋತೀಯಾ?"

ಕೊನೆಯ ಪರೀಕ್ಷೆಗೆ ನನ್ನ ಪಾಲಿಗೆ ಬಂದದ್ದು ವೀರನಹೊಸಹಳ್ಳಿಯ ಗೌರಮ್ಮನವರ ಹೊಸ ಮನೆಯ ಚೌಕಟ್ಟು. ಪಾಸಾದರೆ ಪ್ರಮಾಣಪತ್ರ, ಉಪಕರಣಗಳ ಪೆಟ್ಟಿಗೆ, ಸಾಬರ ಅಂಗಡಿಯಲ್ಲಿ ಕೆಲಸ. ಇಲ್ಲವಾದರೆ ಗಿರಣಿಯಿಲ್ಲದ ಊರಿಗೆ ಬರಿಗೈಯಲ್ಲಿ ವಾಪಸ್ಸು. ಜೋಡಿಸಿ ಮುಗಿದ ಮೇಲೆ ಬುಡದ ಗುರುತನ್ನು ಹುಡುಕಿದೆ, ಇರಲಿಲ್ಲ. ಬುಡಕ್ಕೆ ಹಾಕಿದ್ದ ಪೆನ್ಸಿಲ್ ಗುರುತನ್ನು ಕೀಸುಳಿಯಿಂದ ನಾನೇ ಹೆರೆದುಹಾಕಿದ್ದೆ. ಬಲಗಡೆಯ ಮರವನ್ನು ಬರೀ ನೆನಪಿನ ಮೇಲೆ ನಿಲ್ಲಿಸಿದ್ದೆ. ಪರೀಕ್ಷಕರು ಮೂಲೆಮಟ್ಟ ಇಟ್ಟು ನೋಡುವವರು, ಅವರಿಗೆ ಇದು ಗೊತ್ತಾಗದು. ಆದರೆ ಮಳೆಯೋ ಬಿಸಿಲೋ ಎಂದೇ ಹೇಳಲಾಗದ ನೆನಪು ನನ್ನದು.

ಸಾಬರಿಗೆ ಹೇಳಿದೆ. ಅವರು ಜೋಡಣೆಯ ಗೂಟ ಬಡಿದು ತೆಗೆದರು. ಮರವನ್ನು ತೊಟ್ಟಿಗೆ ಬಿಟ್ಟೆವು. ನಾನು ಮೇಲೆ ಮಾಡಿ ಇಟ್ಟಿದ್ದ ಕೊನೆಯೇ ಮೆಲ್ಲಗೆ ತಗ್ಗಿತು. ಎರಡು ಕೊನೆಗಳ ಕೆತ್ತನೆಯೂ ಬೇರೆಬೇರೆ, ತಿರುಗಿಸಿ ಹಾಕುವಂತಿರಲಿಲ್ಲ.

ಗಿರಣಿಯಲ್ಲಿ ನೂಲು ಕೆಟ್ಟರೆ ಸಂಬಳ ಹಿಡಿಯುತ್ತಿದ್ದರು. ಅಂಥದ್ದೇನನ್ನೋ ಕಾಯುತ್ತ ನಿಂತೆ. ಸಾಬರು ಮೂಲೆಯ ರ‍್ಯಾಕಿನತ್ತ ಕೈ ತೋರಿದರು. ದಿನವೂ ಕಂಡಿದ್ದರೂ ಓದಿರದ ಬೋರ್ಡು ಅಲ್ಲಿತ್ತು: 'ಕಲಿಯುವಾಗ ಕೆಟ್ಟ ಮರ'.

"ಅಲ್ಲಿ ಮಡಗು. ಕೆಡ್ಸೋಕೂ ಅಂತ್ಲೇ ಮರ ಕೊಟ್ಟವ್ರೆ. ಪರೀಕ್ಷೆಗೆ ಇನ್ನೂ ಎರಡು ದಿನ ಅದೆ, ಬ್ಯಾರೇದು ತಕ್ಕೊ."

ನಲವತ್ತು ದಾಟಿದವನೊಬ್ಬ ಎಲ್ಲಿಂದಲೋ ಬಂದು ತಪ್ಪು ಮಾಡುತ್ತಾನೆಂದು ಯಾವುದೋ ಕಚೇರಿಯಲ್ಲಿ ಯಾರೋ ಮೊದಲೇ ಯೋಚಿಸಿ, ಆ ತಪ್ಪಿಗೂ ಮರ ತೆಗೆದಿರಿಸಿದ್ದರು. ವಿಶ್ವವಿದ್ಯಾಲಯದಲ್ಲೂ ನಾನು ಇಂಥದ್ದನ್ನು ಕಂಡಿರಲಿಲ್ಲ. ಸಂಶಯಪಡಲು ಹುಡುಕಿದೆ, ಏನೂ ಸಿಗಲಿಲ್ಲ.

"ಏನಣ್ಣ, ದೇವ್ರ ಕಂಡಂಗೆ ನಿಂತ್ಬುಟ್ಟೆ?" ಎಂದ ಶಿವಣ್ಣ.

ಎರಡು ದಿನದಲ್ಲಿ ಹೊಸ ಮರ ಕೆತ್ತಿ ಕೂಡಿಸಿದೆ. ಪರೀಕ್ಷಕರು ಅಳತೆ ನೋಡಿ ಸಹಿ ಹಾಕಿ ಹೋದರು. ಮನೆಗೆ ಚೌಕಟ್ಟು ನಿಲ್ಲಿಸಿದ ದಿನ ಗೌರಮ್ಮ ಹೊಸ್ತಿಲಿಗೆ ಅರಿಶಿನ ಹಚ್ಚುತ್ತ, ತಲೆಯೆತ್ತದೆ ಕೇಳಿದರು: "ಬುಡ ಕೆಳಗೇ ಅದೆ ತಾನೆ ಕಣಪ್ಪ?"

"ಅದೆ ಕಣವ್ವ" ಎಂದೆ. ನನ್ನ ಬಾಯಿಂದ ಬಂದ ಮೊದಲ 'ಕಣ'. ಯಾರೂ ನಗಲಿಲ್ಲ.

ಆ ಕೆಟ್ಟ ಮರದಿಂದ ಒಂದು ಮಣೆ ಮಾಡಿ ನನ್ನ ಹೆತ್ತವ್ವನಿಗೆ ಕೊಟ್ಟಿದ್ದೇನೆ. ಹೋದ ತಿಂಗಳು ಸಾಬರ ಅಂಗಡಿಗೆ ರಜೆ ಹೇಳಿ ಗದಗಿನ ಕಡೆಯ ಊರಿಗೆ ಹೋಗಿದ್ದಾಗ, ಅವಳು ಅದರ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಕೇಂದ್ರದಿಂದ ಫೋನು ಬಂತು. ಕಲಿತು ಹೋದವರು ಕೆಲಸದಲ್ಲಿದ್ದಾರೆಯೇ ಎಂದು ಅವರು ಈಗಲೂ ವಿಚಾರಿಸುತ್ತಾರೆ.

"ಎಲ್ಲಿದ್ದೀರಾ ಸರ್ ಈಗ?" ಎಂದಳು ಫೋನಿನಲ್ಲಿದ್ದ ಹುಡುಗಿ.

"ಊರಲ್ಲಿ ಕಣಮ್ಮ."

"ಹುಣಸೂರಲ್ಲೇನಾ?"

ನಾನು ಅವ್ವನತ್ತ ನೋಡಿದೆ. ಅವ್ವ ರೊಟ್ಟಿ ಮಗುಚಿ, ಫೋನಿಗೆ ಕೇಳುವಂತೆ ಕೂಗಿದಳು:

"ಬೀಗ್ರು ಬಂದಂಗ ಬಂದಾನ ತಂಗಿ, ನಾಳೆ ಹೊಳ್ಳಿ ನಿಮ್ಮೂರಿಗೇ ಬರ್ತಾನ!"