ಕಡಲೆ ಬೇಯಲಿಲ್ಲವೆಂದು ಅತ್ತೆ ಹೇಳಿದ್ದು

ನನ್ನ ಸೋದರಮಾವನಿಗೆ ಲಕ್ಷ್ಮೇಶ್ವರದಲ್ಲಿ ಕಾಳಿನ ದಲಾಲಿ ಅಂಗಡಿ. ಕಡಲೆ, ಹೆಸರು, ಜೋಳ ಅವನ ಕಸುಬು. ಜಗತ್ತಿನ ರಾಜಕಾರಣ ಅವನ ಚಟ. ಅಂಗಡಿಗೆ ಬಂದ ರೈತ ರೇಟು ಕೇಳಿದರೆ ಮೊದಲು ಯಾವ ದೇಶದ ಅಧ್ಯಕ್ಷ ಯಾರ ಮೇಲೆ ಸಿಟ್ಟಾಗಿದ್ದಾನೆಂದು ಹೇಳಿ, ಆಮೇಲೆ ರೇಟಿಗೆ ಬರುತ್ತಾನೆ.

ಆ ವರ್ಷ ಕಡಲೆಯ ಆಮದು ಸುಂಕದ ಬಗ್ಗೆ ನಮ್ಮ ದೇಶಕ್ಕೂ ಸಮುದ್ರದಾಚೆಯ ಇನ್ನೊಂದು ದೇಶಕ್ಕೂ ಜಗ್ಗಾಟ ನಡೆದಿತ್ತು. ಆ ದೇಶದ ಹೆಸರು ಬರೆಯುವುದಿಲ್ಲ. ಈಗ ಸಂಬಂಧ ಸುಧಾರಿಸಿದೆ, ನನ್ನಿಂದ ಮತ್ತೆ ಕೆಡುವುದು ಬೇಡ. ಅಲ್ಲಿನ ಟೀವಿ ವಾಹಿನಿಯೊಂದರ ವರದಿಗಾರ್ತಿ ದಿಲ್ಲಿಯಲ್ಲಿದ್ದಳು. ಕಡಲೆ ಬೆಳೆಯುವ ಊರಿನವರ ಅಭಿಪ್ರಾಯ ಬೇಕಿತ್ತಂತೆ. ಗದುಗಿನಲ್ಲಿ ಇಂಗ್ಲಿಷ್ ಪಾಠ ಹೇಳುವ ನನ್ನ ನಂಬರನ್ನು ಯಾರೋ ಅವಳಿಗೆ ಕೊಟ್ಟಿದ್ದರು. ಅಭಿಪ್ರಾಯ ಇರುವ ಮನುಷ್ಯ ಬೇಕೆಂದು ಕೇಳಿದಾಗ ನನಗೆ ಮಾವನಲ್ಲದೆ ಬೇರೆ ಯಾರು ನೆನಪಾಗಬೇಕು?

ಫೋನ್ ಮಾಡಿ ಹೇಳಿದೆ. ಮಾವ ಗಂಭೀರವಾಗಿ, "ಬರ್ಲಿ. ಯಾರರ ಒಬ್ಬರು ಹೇಳಬೇಕಾಗಿತ್ತು" ಎಂದ.

ವರದಿಗಾರ್ತಿ ಕ್ಯಾಮೆರಾದವನೊಂದಿಗೆ ಹುಬ್ಬಳ್ಳಿಯಿಂದ ಕಾರಿನಲ್ಲಿ ಬಂದಿಳಿದಾಗ ಮಾವ ಹೊಸ ಧೋತರ ಉಟ್ಟು, ಮದುವೆಗೆ ಮಾತ್ರ ಸುತ್ತುವ ರುಮಾಲು ಸುತ್ತಿ, ಪಡಸಾಲೆಯಲ್ಲಿ ಕುಳಿತಿದ್ದ. ಮೈಕು ಹಚ್ಚಿದ್ದೇ ತಡ, ಶುರು ಮಾಡಿದ. ಎರಡನೇ ಮಹಾಯುದ್ಧದಿಂದ ಹೊರಟು, ತೈಲದ ಬಾವಿಗಳನ್ನು ಹಾಯ್ದು, ಹಡಗಿನ ಬಾಡಿಗೆಗೆ ಬಂದ. ಕಡಲೆಯ ಸುಳಿವಿಲ್ಲ. ಕ್ಯಾಮೆರಾದವ ಬ್ಯಾಟರಿ ಬದಲಿಸಿದ. ಅನುವಾದ ಮಾಡಿ ಮಾಡಿ ನನ್ನ ಗಂಟಲು ಒಣಗಿತು.

ಅಷ್ಟರಲ್ಲಿ ಅತ್ತೆ ಗಿರ್ಮಿಟ್ಟು, ಮಿರ್ಚಿ ಭಜಿ ಹಿಡಿದು ಬಂದಳು. ವರದಿಗಾರ್ತಿಗೆ ಜೀವ ಬಂದಂತಾಯಿತು. ತಟ್ಟೆ ಇಸಿದುಕೊಳ್ಳುತ್ತ, ನಮ್ಮ ದೇಶದ ಕಡಲೆ ನೀವು ಯಾವಾಗಲಾದರೂ ತಿಂದಿದ್ದೀರಾ ಎಂದು ಅತ್ತೆಯನ್ನು ಕೇಳಿದಳು.

"ಏನ್ ತಿನ್ನೂದವಾ?" ಎಂದಳು ಅತ್ತೆ. "ಇವರು ಮುಂಬೈದಿಂದ ಒಂದು ಚೀಲ ಸ್ಯಾಂಪಲ್ ತರಿಸಿದ್ರು. ಬೇಯಂಗಿಲ್ಲ ಅವು. ಕುಕ್ಕರ್ ಸೀಟಿ ಹೊಡದು ಹೊಡದು ದಣೀತು, ಕಡ್ಲಿ ದಣೀಲಿಲ್ಲ."

ಇದನ್ನೂ ನಾನು ಇದ್ದದ್ದು ಇದ್ದಂತೆ ಅನುವಾದಿಸಿದೆ. ವರದಿಗಾರ್ತಿ ನಕ್ಕಳು, ಎರಡು ಭಜಿ ತಿಂದಳು, ಕಣ್ಣೀರು ಒರೆಸಿಕೊಂಡು ಹೊರಟಳು.

ವರದಿ ಬಂದ ದಿನ ಮಾವ ಓಣಿಯ ಹಿರಿಯರನ್ನೆಲ್ಲ ಕರೆಸಿದ್ದ. ಮೊಬೈಲನ್ನು ಟೀವಿಗೆ ಜೋಡಿಸಿ ಕೊಟ್ಟೆ. ಮೊದಲು ನಮ್ಮ ಎರೆಹೊಲ ಬಂತು. ಆಮೇಲೆ ಮಾವನ ರುಮಾಲು, ಅದರ ಕೆಳಗೆ ಸದ್ದಿಲ್ಲದೆ ಆಡುತ್ತಿದ್ದ ತುಟಿ. ಆಮೇಲೆ ಅತ್ತೆ, ಕುಕ್ಕರು ದಣಿದ ಮಾತು ಪೂರ್ತಿಯಾಗಿ. ಕೆಳಗೆ ದಪ್ಪ ಅಕ್ಷರದ ಸಾಲು ಓಡುತ್ತಿತ್ತು.

"ಏನ್ ಬರದಾರ?" ಎಂದ ಮಾವ.

"ನಮ್ಮ ಕಡಲೆ ತಳ್ಳಿಹಾಕಿದ ಭಾರತ, ಅಂತ."

ಮಾವ ಒಮ್ಮೆ ಪರದೆ ನೋಡಿದ, ಒಮ್ಮೆ ಅಡುಗೆಮನೆಯ ಕಡೆ ನೋಡಿದ. "ಭಾರತ ಅಂದ್ರ ಇಕೀನ?"

ಇಕೀನೇ ಆಗಿದ್ದಳು. ಮರುದಿನ ಅಲ್ಲಿನ ಬೆಳೆಗಾರರ ಮುಖಂಡನೊಬ್ಬ ಅದೇ ವಾಹಿನಿಯಲ್ಲಿ ಕೂತು, ತಮ್ಮ ಕಡಲೆಯಲ್ಲಿ ದೋಷವಿಲ್ಲ, ಆ ಮಹಿಳೆ ಸರಿಯಾಗಿ ನೆನೆಸಿರಲಿಕ್ಕಿಲ್ಲ ಎಂದ. ಅಲ್ಲಿನ ಮಂತ್ರಿಯ ಮುಂದೆ ಮೈಕು ಹಿಡಿದರೆ, ಈ ವಿಷಯವನ್ನು ದಿಲ್ಲಿಯ ಮಾತುಕತೆಯಲ್ಲಿ ಎತ್ತುತ್ತೇವೆ ಎಂದ. ಅದು ತಿರುಗಿ ನಮ್ಮ ಕನ್ನಡದ ವಾಹಿನಿಯೊಂದರ ಕೈಗೆ ಸಿಕ್ಕಿತು. ಲಕ್ಷ್ಮೇಶ್ವರದ ಗೃಹಿಣಿಗೆ ವಿದೇಶಿ ಮಂತ್ರಿಯ ತಿರುಗೇಟು ಎಂದು ದಿನವಿಡೀ ಡೋಲು ಬಾರಿಸಿದರು. ಸಂತೆಯಲ್ಲಿ ಮೆಂತ್ಯದ ಸೊಪ್ಪು ಮಾರುವವಳು ಅತ್ತೆಯ ಕೈಹಿಡಿದು, "ಯುದ್ಧ ಗಿದ್ಧ ಆಗ್ತೈತೇನ್ರಿ ಅಕ್ಕಾರ?" ಎಂದು ಕೇಳಿದಳಂತೆ.

ಅತ್ತೆಗೆ ಯುದ್ಧದ ಚಿಂತೆ ಇರಲಿಲ್ಲ.

"ನನಗ ಕಡ್ಲಿ ನೆನಿ ಹಾಕೂದು ಕಲಸ್ತಾನ ಅವ?" ಎಂದು ನನ್ನ ಮೇಲೆ ಹರಿಹಾಯ್ದಳು. "ಮುಂಡರಗಿಯಿಂದ ಈ ಮನಿಗೆ ಬಂದಾಗಿಂದ ನೆನಿ ಹಾಕಾಕತ್ತೀನಿ. ಫೋನ್ ಹಚ್ಚು ಅವಂಗ."

ದೇಶಗಳ ನಡುವಿನ ಮುನಿಸು ಹೇಗೆ ಬೆಳೆಯುತ್ತದೆಂದು ಪುಸ್ತಕಗಳಲ್ಲಿ ಓದಿದ್ದೆ. ಅದು ನಮ್ಮ ಅಡುಗೆಮನೆಯಲ್ಲಿ ಬೆಳೆಯುವುದನ್ನು ಕಂಡು ನಿಜಕ್ಕೂ ಹೆದರಿದೆ. ವರದಿಗಾರ್ತಿಗೆ ಫೋನ್ ಮಾಡಿ ದೂರಿದೆ. ಅವಳಿಗೆ ಮಾತ್ರ ಇದು ಸಿಹಿಸುದ್ದಿ. ಅತ್ತೆಯನ್ನೂ ಅಲ್ಲಿನ ಒಬ್ಬ ಕಡಲೆ ಬೆಳೆಗಾರ್ತಿಯನ್ನೂ ನೇರಪ್ರಸಾರದಲ್ಲಿ ಎದುರುಬದುರು ಕೂರಿಸೋಣ, ನೀವೇ ದುಭಾಷಿ ಎಂದಳು.

ನಮ್ಮ ಮಧ್ಯಾಹ್ನ, ಅವರ ಸಂಜೆ. ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಲ್ಯಾಪ್‌ಟಾಪಿನ ಮುಂದೆ ಅತ್ತೆ ಇಳಕಲ್ ಸೀರೆ ಉಟ್ಟು ಸೆಟೆದು ಕುಳಿತಳು, ಪಕ್ಕದಲ್ಲಿ ನಾನು. ಮಾವ ನಮ್ಮ ಹಿಂದೆ ನಿಂತು, ತನ್ನ ಮುಖವೂ ಕಾಣುವಂತೆ ಕತ್ತು ಚಾಚಿದ್ದ. ಪರದೆಯ ಮೇಲೆ ಕೆಂಪು ಕೆನ್ನೆಯ, ಅತ್ತೆಯ ವಯಸ್ಸಿನ ಹೆಂಗಸು. ನಡುವೆ ಟೈ ಕಟ್ಟಿದ ನಿರೂಪಕ.

ಅತ್ತೆ ತಯಾರಿ ಮಾಡಿಕೊಂಡ ಮೊದಲ ಬಾಣ ಬಿಟ್ಟಳು. "ನೀವು ಎಷ್ಟು ಹೊತ್ತು ನೆನಿ ಹಾಕ್ತೀರಿ, ಕೇಳು."

ಕೇಳಿದೆ. ಆ ಹೆಂಗಸು ಮುಜುಗರದಿಂದ ನಕ್ಕು ಹೇಳಿದ್ದನ್ನು ಅನುವಾದಿಸಲು ನನಗೇ ಸಂಕೋಚವಾಯಿತು. "ಅತ್ತಿ, ಆಕಿ ಒಮ್ಮೆನೂ ಕಡ್ಲಿ ಬೇಯಿಸಿಲ್ಲಂತ. ಬೆಳದದ್ದೆಲ್ಲಾ ಹಡಗಿಗೆ ಹೋಗ್ತೈತಂತ."

ಅತ್ತೆಯ ಮುಖದ ಬಿಗಿ ಒಮ್ಮೆಲೇ ಸಡಿಲಾಯಿತು. "ಅಯ್ಯ ಶಿವನ! ಬೆಳದಾಕಿ ತಿಂದಿಲ್ಲಾ? ಒಂದು ಹಿಡಿ ಸೈತ ಮನಿಗೆ ಇಟ್ಟುಕೊಂಡಿಲ್ಲಾ?"

ಅಲ್ಲಿಗೆ ಜಗಳ ಮುಗಿಯಿತು. ಅತ್ತೆ ಕಡಲೆಯ ಉಸಳಿ ಮಾಡುವುದನ್ನು ಹೇಳತೊಡಗಿದಳು. ಆ ಹೆಂಗಸು ಕನ್ನಡಕ ಹಾಕಿಕೊಂಡು ಬರೆದುಕೊಳ್ಳತೊಡಗಿದಳು. ನಿರೂಪಕ ನಡುವೆ ಬಾಯಿ ಹಾಕಿ ಸುಂಕದ ಪ್ರಶ್ನೆ ಎತ್ತಿದ. ಆ ಹೆಂಗಸು ಅವನಿಗೆ ತಡೆಯಲು ಹೇಳಿದಳು. ಇದೇ ಸಮಯವೆಂದು ಮಾವ ನಮ್ಮಿಬ್ಬರ ನಡುವೆ ತಲೆ ತೂರಿಸಿ, "ಮೇಡಂ, ಸುಂಕದ ವಿಷಯದಾಗ ನಂದೊಂದು..." ಎಂದ.

"ತಡೀರಿ ಅತ್ತಾಗ!" ಎಂದಳು ಅತ್ತೆ. "ಒಗ್ಗರಣಿ ಹಾಕೂದು ಹೇಳಾಕತ್ತೀನಿ."

ಕರಿಬೇವಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆಂದು ಆ ಗಡಿಬಿಡಿಯಲ್ಲಿ ನನಗೆ ಹೊಳೆಯಲೇ ಇಲ್ಲ. ಕೊನೆಗೆ ಅತ್ತೆಯೇ ಹಿತ್ತಲಿನಿಂದ ಒಂದು ಎಸಳು ತರಿಸಿ ಕ್ಯಾಮೆರಾಕ್ಕೆ ಹಿಡಿದಳು. ಅಲ್ಲಿ ಸಿಗುವುದಿಲ್ಲವೆಂದು ತಿಳಿದು, "ಪಾಪ" ಎಂದಳು. ಅದನ್ನು ನಾನು ಅನುವಾದಿಸಲಿಲ್ಲ. ಅತ್ತೆಯ ಮುಖ ನೋಡಿಯೇ ಆ ಹೆಂಗಸಿಗೆ ತಿಳಿಯಿತು.

ಮರುದಿನ ಅಲ್ಲಿನ ಪತ್ರಿಕೆಗಳು ಎರಡು ದೇಶಗಳ ನಡುವೆ ಹೊಸ ಸ್ನೇಹ ಚಿಗುರಿದೆಯೆಂದು ಬರೆದವು. ದಿಲ್ಲಿಯಲ್ಲಿ ಮಾತುಕತೆಗೆ ಕೂತವರೂ ಹೊರಬಂದು, ವಾತಾವರಣ ಸೌಹಾರ್ದವಾಗಿತ್ತು ಎಂದರು. ಕೆಲವು ವಾರಗಳ ನಂತರ ಸುಂಕದಲ್ಲಿ ಎಂಥದೋ ಹೊಂದಾಣಿಕೆಯಾಯಿತು. ಅದಕ್ಕೂ ಉಸಳಿಗೂ ಸಂಬಂಧವಿತ್ತೋ ಇಲ್ಲವೋ ಹೇಳುವವರಾರು? ಮಾವನಿಗೆ ಮಾತ್ರ ಅನುಮಾನವಿಲ್ಲ. ತನ್ನ ಭಾಷಣವನ್ನು ಜನರಿಗೆ ತೋರಿಸದೆ ನೇರ ಮಂತ್ರಿಗಳಿಗೇ ಕಳಿಸಿದ್ದಾರೆಂದು ಅವನ ನಂಬಿಕೆ. "ಅಂಥಾ ವಿಷ್ಯ ಟೀವ್ಯಾಗ ಹಾಕಂಗಿಲ್ಲಲೇ, ಅದು ಗುಪ್ತ ಇರ್ತೈತಿ" ಎಂದು ನನಗೇ ತಿಳಿಹೇಳಿದ.

ಮುಂದೆ ಶಿರಹಟ್ಟಿಯ ಒಂದು ಮದುವೆಯಲ್ಲಿದ್ದಾಗ ವರದಿಗಾರ್ತಿಯಿಂದ ನನ್ನ ಮೊಬೈಲಿಗೆ ಒಂದು ಫೋಟೋ ಬಂತು. ಆ ಕಡಲೆ ಬೆಳೆಗಾರ್ತಿ ಬೋಗುಣಿ ತುಂಬ ಉಸಳಿ ಮಾಡಿ, ಪಕ್ಕದಲ್ಲಿ ನಗುತ್ತ ನಿಂತಿದ್ದಳು. ಊಟದ ಸಾಲಿನಲ್ಲಿ ಹುಡುಕಿ ಅತ್ತೆಗೆ ತೋರಿಸಿದೆ. ಅವಳು ಎಲೆಯ ಮುಂದಿನಿಂದ ಎದ್ದು, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದಳು.

"ಅರಿಷಿಣ ಜಾಸ್ತಿ ಆಗೇತಿ," ಎಂದಳು. ಆಮೇಲೆ ಧ್ವನಿ ತಗ್ಗಿಸಿ, "ಅದನ್ನ ಹೇಳಬ್ಯಾಡ. ಚೊಲೊ ಆಗೇತಿ ಅಂತ ಬರಿ."

ಹಾಗೆಯೇ ಬರೆದೆ.